ಅಧ್ಯಕ್ಷರು ಬರೆದುಕೊಟ್ಟ ಕ್ಷಮಾಪಣೆ

ಆರ್ವಿಡ್ ಕಂಗಾಸನಿಗೆ ತನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಅದು ಹೇಗೆ ಹೋಯಿತು ಎಂಬುದೇ ಈ ಕತೆ. ಆದರೆ ಅದು ಹೇಗೆ ಬಂದಿತ್ತು ಎಂಬುದನ್ನು ಮೊದಲು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಅನ್ಯಾಯ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವನು ಎದ್ದು ನಿಂತು ಭಾಷಣ ಶುರು ಮಾಡುವ ಕಾಲವೊಂದಿತ್ತು.

ಕಾಪರ್ ಬೇ ವಿಶ್ವವಿದ್ಯಾಲಯದ ಮುಕ್ತ ಮಾತಿನ ಸಂಘಕ್ಕೆ ಅವನೇ ಅಧ್ಯಕ್ಷ. ಸಂಘದಲ್ಲಿ ನಾವು ಒಂಬತ್ತು ಜನ. ಅದರಲ್ಲಿ ಆರು ಜನ ಬರುತ್ತಿದ್ದುದು ಪಿಜ್ಜಾಕ್ಕೆ. ಇನ್ನಿಬ್ಬರು ಆ ಆರರಲ್ಲಿ ಒಬ್ಬಳನ್ನು ನೋಡುವುದಕ್ಕೆ. ಮಾತಿಗಾಗಿ ಬರುತ್ತಿದ್ದವನು ಆರ್ವಿಡ್ ಒಬ್ಬನೇ, ಅದೂ ತನ್ನ ಮಾತಿಗಾಗಿ. ಗುರುವಾರ ಮಧ್ಯಾಹ್ನ ವಿದ್ಯಾರ್ಥಿ ಭವನದ ಎರಡನೇ ಮಹಡಿಯಲ್ಲಿ, ಕಿಟಕಿಯಾಚೆ ಸುಪೀರಿಯರ್ ಸರೋವರ ಹೆಪ್ಪುಗಟ್ಟಿ ಬಿದ್ದಿರುವಾಗ, ಅವನು ಕುರ್ಚಿಯ ಬೆನ್ನು ಹಿಡಿದು ನಿಂತು "ಈ ನೀತಿ ಸಂಹಿತೆ ಅನ್ನೋದು ನಮ್ಮ ಬಾಯಿಗೆ ಹಾಕಿದ ಬೀಗ" ಎಂದು ಆರಂಭಿಸುತ್ತಿದ್ದ. ಕೀಲಿಕೈ ಯಾರ ಹತ್ತಿರ ಇದೆ ಎಂದು ನಾವು ಒಬ್ಬರೂ ಕೇಳಲಿಲ್ಲ. ನಮ್ಮ ಬಾಯಲ್ಲಿ ಪಿಜ್ಜಾ ಇರುತ್ತಿತ್ತು.

ನೀತಿ ಸಂಹಿತೆ ಅಂದರೆ ಮೂವತ್ತೆಂಟು ಪುಟದ ಪುಸ್ತಕ. ಅದರ ಆರನೇ ಕಲಂ ಹೇಳುವುದಿಷ್ಟು: ವಿದ್ಯಾರ್ಥಿಯಾದವನು ಆವರಣದ ಒಳಗಿರಲಿ ಹೊರಗಿರಲಿ, ಅಂತರ್ಜಾಲದಲ್ಲಿ ವಿಶ್ವವಿದ್ಯಾಲಯದ ಘನತೆಗೆ ಒಪ್ಪದ ಮಾತಾಡಬಾರದು. ಯಾರಾದರೂ ಹಾಗೆ ಬರೆದು, ಇನ್ನಾರಾದರೂ ದೂರು ಕೊಟ್ಟರೆ, ವಿದ್ಯಾರ್ಥಿ ನಡತೆ ಕಚೇರಿಯಿಂದ ಒಂದು ಪತ್ರ ಬರುತ್ತದೆ. ಪತ್ರದ ಕೊನೆಯಲ್ಲಿ ಎರಡು ಚೌಕ. ಮೊದಲನೆಯದು, 'ಒಪ್ಪಿಕೊಳ್ಳುತ್ತೇನೆ, ಐದು ಪುಟದ ಆತ್ಮಾವಲೋಕನ ಪ್ರಬಂಧ ಬರೆದುಕೊಡುತ್ತೇನೆ.' ಎರಡನೆಯದು, 'ಒಪ್ಪುವುದಿಲ್ಲ.' ಎರಡನೇ ಚೌಕಕ್ಕೆ ಗುರುತು ಹಾಕಿದ ಪುಣ್ಯಾತ್ಮರನ್ನು ನಾವು ಯಾರೂ ಕಂಡಿರಲಿಲ್ಲ. ವಿಚಾರಣೆ, ವಕೀಲರು, ಮನೆಗೆ ಕಾಗದ, ಆ ರಗಳೆಯೆಲ್ಲ ಯಾರಿಗೆ ಬೇಕು? ಐದು ಪುಟ ಗೀಚಿ ಬಿಸಾಕಿದರೆ ಮುಗಿಯಿತು.

ಆ ಐದು ಪುಟ ಗೀಚಿಕೊಡುತ್ತಿದ್ದವರು ಯಾರು ಅಂದಿರಿ? ಸಾಕ್ಷಾತ್ ನಮ್ಮ ಅಧ್ಯಕ್ಷರೇ!

ಶುರುವಾದದ್ದು ಪರೋಪಕಾರದಿಂದ. ಹಾಕಿ ತಂಡದ ಗೋಲು ಕಾಯುವ ಡಾರಿಲ್ ಎಂಬ ದೈತ್ಯ, ಹಾಸ್ಟೆಲಿನ ಊಟದ ಮನೆಯಲ್ಲಿ ಬಡಿಸಿದ ಮಾಂಸದ ಫೋಟೋ ಹಾಕಿ, 'ಇದು ಸತ್ತಿದ್ದು ಯಾವ ವರ್ಷ, ತನಿಖೆಯಾಗಲಿ' ಎಂದು ಬರೆದಿದ್ದ. ಅಡುಗೆಯವರು ನೊಂದುಕೊಂಡರು, ಪತ್ರ ಬಂತು. ಡಾರಿಲ್‌ಗೆ ಐದು ಪುಟ ಬರೆಯುವುದೂ ಒಂದೇ, ಐದು ಹಲ್ಲು ಕೀಳಿಸಿಕೊಳ್ಳುವುದೂ ಒಂದೇ. ಹಲ್ಲಾದರೆ ಹೇಗೋ ಅವನಿಗೆ ಅಭ್ಯಾಸವಿತ್ತು. ಆರ್ವಿಡ್ ಅಯ್ಯೋ ಪಾಪ ಎಂದು ಕೂತು ಬರೆದುಕೊಟ್ಟ. 'ಪರದೆಯ ಆಚೆ ಬದಿಯಲ್ಲೂ ಒಂದು ಮುಖವಿದೆ ಎಂಬುದನ್ನು ನನ್ನ ಬೆರಳುಗಳು ಮರೆತಿದ್ದವು' ಎಂಬುದು ಮೊದಲ ಸಾಲು. ಮರುದಿನವೇ 'ಸ್ವೀಕರಿಸಲಾಗಿದೆ' ಎಂದು ಕಚೇರಿಯಿಂದ ಉತ್ತರ ಬಂತು. ಡಾರಿಲ್ ಎರಡು ಪಾಸ್ಟಿ ತಂದುಕೊಟ್ಟ. ಗಣಿ ಕೆಲಸದ ಕಾಲದಿಂದಲೂ ನಾವು ತಿನ್ನುತ್ತಾ ಬಂದಿರುವ, ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ಆ ದಪ್ಪ ಕಡುಬು ಇನ್ನೂ ಬಿಸಿಯಾಗಿತ್ತು.

ಅಲ್ಲಿಂದ ಸುದ್ದಿ ಹಬ್ಬಿತು. ಮೂರು ವರ್ಷದಲ್ಲಿ ಹದಿನಾಲ್ಕು ಪ್ರಬಂಧ, ಒಂದೂ ವಾಪಸು ಬಂದಿಲ್ಲ. ಡಾರಿಲ್ ಬಿಟ್ಟು ಉಳಿದವರು ಯಾರೆಂದು ಹೇಳುವುದಿಲ್ಲ. ಹೇಳಿದರೆ ನನ್ನ ಹೆಸರೂ ಪಟ್ಟಿಯಲ್ಲಿ ಬರುತ್ತದೆ. ಗುರುವಾರ ಬೀಗದ ಮೇಲೆ ಭಾಷಣ, ಉಳಿದ ದಿನ ಬೀಗಕ್ಕೆ ಎಣ್ಣೆ, ಹೀಗೆ ನಡೆದಿತ್ತು ಅಧ್ಯಕ್ಷರ ಸಂಸಾರ. ಇದರಲ್ಲಿ ತಪ್ಪಿದೆ ಎಂದು ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ. ತತ್ವಶಾಸ್ತ್ರದ ವಿದ್ಯಾರ್ಥಿ ನೋಡಿ, ಎಲ್ಲದಕ್ಕೂ ಒಂದು ಸಿದ್ಧಾಂತ ರೆಡಿ ಇರುತ್ತಿತ್ತು. "ಬಲವಂತದ ಕ್ಷಮೆಯನ್ನ ಸುಳ್ಳು ಕ್ಷಮೆಯಿಂದ ತೀರಿಸೋದೂ ಒಂದು ಬಂಡಾಯ ಕಣ್ರೋ" ಎನ್ನುತ್ತಿದ್ದ, ಬಾಯಿಗೆ ಪಾಸ್ಟಿ ಇಡುತ್ತಾ. ನಾವೂ ತಲೆಯಾಡಿಸುತ್ತಿದ್ದೆವು.

ಫೆಬ್ರವರಿಯ ಒಂದು ಭಾನುವಾರ ಅವನು ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯಲು ಹಾಕಿ ಕೂತಿದ್ದಾಗ ಟಿಲ್ಲಿ ಸಾಲ್ಮೆಲಾ ಬಂದಳು. ಟಿಲ್ಲಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಳು. ಇಬ್ಬರೂ ಒಂದೇ ಊರಿನವರು, ಹನ್ನೆರಡು ವರ್ಷ ಒಂದೇ ಶಾಲಾ ಬಸ್ಸಿನಲ್ಲಿ ಕಾದಾಡಿಕೊಂಡು ಬೆಳೆದವರು. ಅವನನ್ನು ಅಧ್ಯಕ್ಷ ಎಂದು ಕರೆಯಲು ಖಂಡಿತ ಒಪ್ಪದವಳು ಅವಳೊಬ್ಬಳೇ.

"ಓದು" ಎಂದು ಕಾಗದ ಚಾಚಿದಳು.

ಅದೇ ಪತ್ರ, ಅದೇ ಎರಡು ಚೌಕ. ಜೊತೆಗೆ ಅವಳು ಹಾಕಿದ್ದ ಫೋಟೋದ ಪ್ರತಿ. ನರ್ಸಿಂಗ್ ಮಕ್ಕಳು ಅಭ್ಯಾಸ ಮಾಡುವ ಪ್ಲಾಸ್ಟಿಕ್ ರೋಗಿ ಹೆರಾಲ್ಡ್ ಕುತ್ತಿಗೆಯವರೆಗೆ ಕಂಬಳಿ ಹೊದ್ದು ಮಲಗಿದ್ದಾನೆ. ಕೆಳಗೆ ಬರೆದಿತ್ತು: 'ಹೆರಾಲ್ಡ್‌ಗೆ ಮೂರು ಕಂಬಳಿ. ಈ ವಾರ ನಾನು ನೋಡಿಕೊಂಡ ನಿಜವಾದ ಅಜ್ಜಿಗೆ ಒಂದು. ವಯಸ್ಸಾದ ಮೇಲೆ ನಾನೂ ಪ್ಲಾಸ್ಟಿಕ್ ಆಗಿಬಿಡ್ತೀನಿ, ಬೆಚ್ಚಗಾದರೂ ಇರಬಹುದು.'

ಆರ್ವಿಡ್‌ಗೆ ನಗು ತಡೆಯಲಿಲ್ಲ. "ದೂರು ಕೊಟ್ಟೋರು ಯಾರೇ?"

"ನಾವು ಟ್ರೈನಿಂಗ್‌ಗೆ ಹೋಗೋ ವೃದ್ಧಾಶ್ರಮದೋರು. ಅದರ ಹೆಸರೂ ಹಾಕಿಲ್ಲ, ಅಜ್ಜಿ ಹೆಸರೂ ಹಾಕಿಲ್ಲ. ನಂದು ಬೀಗ ಹಾಕಿರೋ ಖಾತೆ ಬೇರೆ. ನೋಡೋರು ಎಂಬತ್ತಾರು ಜನ, ಅದ್ರಲ್ಲಿ ಅರ್ಧ ನಮ್ಮ ದೊಡ್ಡಮ್ಮ ಚಿಕ್ಕಮ್ಮಂದಿರು."

"ಯಾವಳೋ ದೊಡ್ಡಮ್ಮನೇ ಹಚ್ಚಿಕೊಟ್ಟಿರ್ಬೇಕು."

"ತಮಾಷೆ ಸಾಕು. ಇದ್ರಲ್ಲಿ ಸುಳ್ಳೇನಿದೆ ಹೇಳು? ಆ ಅಜ್ಜಿ ಗಡಗಡ ನಡುಗ್ತಿದ್ರು ಕಣೋ. ಇನ್ನೊಂದು ಕಂಬಳಿ ಕೊಡಿ ಅಂತ ಕೇಳ್ದೆ. ಒಬ್ಬರಿಗೆ ಒಂದೇ ಅಂದ್ರು. ವಾಪಸ್ ಬಂದು ನೋಡಿದ್ರೆ ಈ ಹೆರಾಲ್ಡಪ್ಪ ಮೂರು ಹೊದ್ಕೊಂಡು ಬಿದ್ದಿದ್ದಾನೆ. ಮೈ ಉರೀತು, ಬರ್ದೆ. ನಾನ್ಯಾಕೆ ಕ್ಷಮೆ ಕೇಳ್ಲಿ?"

"ಕೇಳ್ಬಾರ್ದು" ಎಂದ ಆರ್ವಿಡ್, ಗುರುವಾರದ ಧ್ವನಿಯಲ್ಲಿ.

"ಹಾಗಾದ್ರೆ ಸರಿ. ಎರಡನೇ ಚೌಕಕ್ಕೆ ಗುರುತು ಹಾಕ್ತೀನಿ. ವಿಚಾರಣೆಗೆ ಒಬ್ಬರನ್ನ ಜೊತೇಲಿ ಕರ್ಕೊಂಡು ಹೋಗ್ಬಹುದಂತೆ. ನೀನು ಬಾ."

ಇಂಥ ಗಳಿಗೆಗಾಗಿ ತಾನು ಹುಟ್ಟಿದ್ದು ಎಂದು ಆರ್ವಿಡ್ ಎಷ್ಟೋ ಸಲ ಅಂದುಕೊಂಡಿದ್ದ. ಕನಸಿನಲ್ಲಿ ಅಂಥ ವಿಚಾರಣೆಯಲ್ಲಿ ಅವನು ಮಾತಾಡಿ ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಈಗ ಗಳಿಗೆ ಬಂದು ಎದುರಿಗೆ ನಿಂತಾಗ ಅವನು ಪತ್ರವನ್ನು ಮಡಚಿ ಅವಳ ಕೈಗೇ ವಾಪಸು ಕೊಟ್ಟ. ಎರಡನೇ ಚೌಕದ ಆಚೆ ಏನಿದೆಯೋ ಅವನಿಗೆ ಗೊತ್ತಿರಲಿಲ್ಲ. ಸೋತರೆ? ತಡವರಿಸಿದರೆ? ಅದೇ ಮೊದಲನೇ ಚೌಕ ನೋಡಿ, ತವರುಮನೆ ಇದ್ದಂತೆ, ಅದರ ಮೂಲೆಮೂಲೆಯೂ ಅವನಿಗೆ ಪರಿಚಿತ. ಒಟ್ಟಿನಲ್ಲಿ ಹೆದರಿದ. ಹೆದರಿಕೆ ಅಂದರೆ ಮರ್ಯಾದೆ ಹೋಗುತ್ತದಲ್ಲ, ಅದಕ್ಕೆ ವಿವೇಕ ಎಂದು ಹೆಸರಿಟ್ಟುಕೊಂಡ.

"ಟಿಲ್ಲಿ, ಇಲ್ಲಿ ಕೇಳು. ತತ್ವ ಬೇರೆ, ತಂತ್ರ ಬೇರೆ."

"ಗುರುವಾರದ್ದು ಯಾವ್ದು, ಭಾನುವಾರದ್ದು ಯಾವ್ದು?"

"ನಿಂದು ಕೊನೇ ವರ್ಷ. ಮೇ ತಿಂಗಳಲ್ಲಿ ಡಿಗ್ರಿ. ಈಗ ವಿಚಾರಣೆ ಅದೂ ಇದೂ ಅಂತ ಮೈಮೇಲೆ ಎಳ್ಕೊಳ್ತೀಯಾ? ಐದು ಪುಟ ಬರೆದು ಮುಗಿಸು. ಬರೆಯೋದು ನಾನು, ಸಹಿ ನಿಂದು. ಹದಿನಾಲ್ಕರಲ್ಲಿ ಒಂದೂ ವಾಪಸ್ ಬಂದಿಲ್ಲ, ಗೊತ್ತಾ ನಿಂಗೆ?"

"ನಂಗೆ ಕ್ಷಮೆ ಕೇಳೋಕೆ ಇಷ್ಟ ಇಲ್ಲ ಅಂತ ಹೇಳ್ತಾ ಇದ್ದೀನಿ."

"ಇಷ್ಟ ಯಾರು ಕೇಳಿದ್ರು? ಕಾಗದದ ಮೇಲೆ ಕೇಳು. ಮನಸ್ಸು ನಿನ್ನ ಹತ್ರಾನೇ ಇರ್ಲಿ."

ಒಗೆಯುವ ಯಂತ್ರ ಗಡಗಡ ಸದ್ದು ಮಾಡಿ ನಿಲ್ಲುವವರೆಗೂ ಅವನು ಅವಳ ತಲೆ ತಿಂದ. ಕೊನೆಗೆ ಟಿಲ್ಲಿ, "ಈ ವಿಷಯ ನಿಂಗೆ ನನಗಿಂತ ಚೆನ್ನಾಗಿ ಗೊತ್ತು ಅಂದ್ಕೊಳ್ತೀನಿ" ಎಂದು ಪೆನ್ನು ತೆಗೆದು ಮೊದಲನೇ ಚೌಕಕ್ಕೆ ಗುರುತು ಹಾಕಿದಳು. ಆರ್ವಿಡ್‌ಗೆ ಎದೆ ಮೇಲಿನ ಭಾರ ಇಳಿದಂತಾಯಿತು. ಇಳಿದದ್ದು ತನ್ನ ಭಾರ, ಅವಳದ್ದಲ್ಲ ಎಂದು ಆಗ ಹೊಳೆಯಲಿಲ್ಲ.

ಬರೆದ ನೋಡಿ ಪ್ರಬಂಧ! ಹಿಂದಿನ ಹದಿನಾಲ್ಕನ್ನೂ ನಿವಾಳಿಸಿ ಎಸೆಯಬೇಕು, ಹಾಗೆ ಬರೆದ. ಗೆಳತಿಯ ಕೆಲಸವಲ್ಲವೇ, ಕೈ ಬಿಗಿ ಹಿಡಿಯಲಿಲ್ಲ. ಅಜ್ಜಿಯ ನಡುಗುವ ಬೆರಳು ಬಂತು, ಕಿಟಕಿಯ ಮಂಜು ಬಂತು. 'ಒಬ್ಬ ಮುದುಕಿಯ ಚಳಿಯನ್ನು ನಾನು ಎಂಬತ್ತಾರು ಜನರ ನಗೆಗೆ ಮಾರಿಕೊಂಡೆ' ಎಂಬ ಸಾಲು ಬರೆದಾಗ ಅವನ ಕಣ್ಣಲ್ಲೇ ನೀರು ಬಂತು. ತಾನು ಬರೆದದ್ದಕ್ಕೆ ತಾನೇ ಅಳುವವನ ಹತ್ತಿರ ವಿವೇಚನೆ ಎಲ್ಲಿಂದ ಬರಬೇಕು?

ಟಿಲ್ಲಿ ಐದೂ ಪುಟ ಸುಮ್ಮನೆ ಓದಿದಳು. "ನಾನು ಇಷ್ಟು ಕೆಟ್ಟವಳೇನೋ?" ಎಂದು ಕೇಳಿದಳು.

"ಛೇ, ಅದು ಬರವಣಿಗೆ ಕಣೆ. ಉಪ್ಪು ಖಾರ ಹಾಕ್ದೆ ಇದ್ರೆ ರುಚಿ ಹತ್ತುತ್ತಾ?"

ಅವಳು ಸಹಿ ಹಾಕಿದಳು. ಮರುದಿನ 'ಸ್ವೀಕರಿಸಲಾಗಿದೆ' ಎಂದು ಉತ್ತರ ಬಂತು. ಆರ್ವಿಡ್ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮೂರು ವಾರ ಕಳೆದ ಮೇಲಿನ ಗುರುವಾರ. ಅಂದಿನ ವಿಷಯ, 'ಮೌನ: ಅಧಿಕಾರದ ಅತಿ ಹಳೆಯ ಆಯುಧ.' ಆರ್ವಿಡ್ ಕುರ್ಚಿಯ ಬೆನ್ನು ಹಿಡಿದು ಒಳ್ಳೇ ಹುರುಪಿನಲ್ಲಿದ್ದ. ಬಾಗಿಲು ದಢಾರನೆ ತೆರೆಯಿತು. ಟಿಲ್ಲಿ ಹಿಮ ಮೆತ್ತಿದ ಬೂಟಿನಲ್ಲೇ ಒಳಗೆ ಬಂದು, ಒಂದು ಕಾಗದವನ್ನು ಅವನ ಮುಂದಿದ್ದ ಪಿಜ್ಜಾದ ಮೇಲೆ ಹಾಕಿದಳು.

"ಗಟ್ಟಿಯಾಗಿ ಓದು. ಎಲ್ಲರೂ ಕೇಳ್ಲಿ."

ಅವನು ಮನಸ್ಸಿನಲ್ಲೇ ಓದಲು ಹೊರಟ.

"ಗಟ್ಟಿಯಾಗಿ ಅಂದೆ!"

ನರ್ಸಿಂಗ್ ವಿಭಾಗದ ಪತ್ರ. ಆರನೇ ಕಲಂ ಮೀರಿದ್ದನ್ನು ಟಿಲ್ಲಿ ಸಾಲ್ಮೆಲಾ ಸ್ವತಃ ಬರೆದು ಒಪ್ಪಿಕೊಂಡಿರುವುದರಿಂದ, ವಿಭಾಗದ ನಿಯಮದಂತೆ ಅವಳನ್ನು ಕ್ಲಿನಿಕ್ ತರಬೇತಿಯಿಂದ ಈ ಕೂಡಲೇ ತೆಗೆಯಲಾಗಿದೆ. ಕೋರ್ಸಿನಿಂದಲೇ ಹೊರಹಾಕುವುದೋ ಬೇಡವೋ ಎಂಬುದನ್ನು ಸಮಿತಿ ಮುಂದಿನ ಶುಕ್ರವಾರ ತೀರ್ಮಾನಿಸುತ್ತದೆ. ಬೇರೆ ವಿಭಾಗದವರಿಗೆ ಪ್ರಬಂಧ ಕೊಟ್ಟರೆ ಮುಗಿಯಿತು. ನರ್ಸಿಂಗ್‌ನವರಿಗೆ ಮಾತ್ರ ಒಪ್ಪಿಗೆ ಎಂದರೆ ಅಪರಾಧದ ಒಪ್ಪಿಗೆ. ಈ ಮಾತು ಸಂಹಿತೆಯ ಮೂವತ್ತೇಳನೇ ಪುಟದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಆರ್ವಿಡ್ ಹನ್ನೆರಡನೇ ಪುಟ ದಾಟಿದವನೇ ಅಲ್ಲ. ಬೀಗದ ಮೇಲೆ ಭಾಷಣ ಮಾಡುವುದಕ್ಕೆ ಅಷ್ಟೇ ಸಾಕಾಗಿತ್ತು.

"ನಾಲ್ಕು ವರ್ಷ ಕಣೋ" ಎಂದಳು ಟಿಲ್ಲಿ. "ನಾಲ್ಕು ವರ್ಷ ಬೆಳಗ್ಗೆ ಐದಕ್ಕೆ ಎದ್ದಿದ್ದೀನಿ. ಎರಡನೇ ಚೌಕ ಅಂತ ಅಂಗಲಾಚಿದೆ ನಿನ್ನ ಹತ್ರ. ಈಗ ಇವರಿಗೆಲ್ಲ ಹೇಳು, ನನ್ನ ಬಾಯಿಗೆ ಬೀಗ ಹಾಕಿದ್ದು ಯಾರು ಅಂತ."

ನಾನಂತೂ ಪಿಜ್ಜಾದ ಅಂಚನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಮೌನದ ಬಗ್ಗೆ ಒಂದೂವರೆ ಗಂಟೆ ಮಾತಾಡಲು ಸಿದ್ಧನಾಗಿ ಬಂದಿದ್ದ ಅಧ್ಯಕ್ಷ ಬಾಯಿ ತೆರೆದ, ಮುಚ್ಚಿದ, ಕೋಟು ಎತ್ತಿಕೊಂಡು ಮೆಟ್ಟಿಲಿಳಿದು ಓಡಿದ.

ಓಡಿದ್ದು ನಡತೆ ಕಚೇರಿಗೆ. ಅಲ್ಲಿನ ಅಧಿಕಾರಿ ಗ್ಲೆನ್ನಾ ಪೆಲ್ಟಿಯರ್. ಗುರುವಾರದ ಭಾಷಣಗಳಲ್ಲಿ ಆಕೆಗೆ 'ಬೀಗದ ಮಹಾರಾಣಿ' ಎಂಬ ಬಿರುದಿತ್ತು, ಆದರೆ ಆರ್ವಿಡ್ ಆಕೆಯ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿದರೆ, ಅರವತ್ತರ ಹತ್ತಿರದ ಹೆಂಗಸು, ಬೂಟು ಬಿಚ್ಚಿ ಹೀಟರಿನ ಮೇಲೆ ಒಣಗಲು ಇಟ್ಟು, ಉಣ್ಣೆಯ ಕಾಲುಚೀಲದಲ್ಲಿ ಕೂತು ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

"ಮೇಡಂ, ನಾನು ಆರ್ವಿಡ್ ಕಂಗಾಸ್. ಮುಕ್ತ ಮಾತಿನ ಸಂಘದ..."

"ಗೊತ್ತಪ್ಪಾ, ಕೂತ್ಕೋ. ಮೂರು ವರ್ಷದಿಂದ ನಿನ್ನ ಬರವಣಿಗೆ ಓದ್ತಾ ಇದ್ದೀನಿ."

ಇಷ್ಟೆಲ್ಲ ಆದ ಮೇಲೂ ಅವನಿಗೆ ಒಂದು ಕ್ಷಣ ಖುಷಿಯಾಯಿತು, ಹೇಳುವುದಕ್ಕೇ ನಾಚಿಕೆ. "ಕಾಲೇಜು ಪತ್ರಿಕೆಯ ಲೇಖನಗಳಾ ಮೇಡಂ?"

"ಅಲ್ಲ. ಅವನ್ನ ಓದಿ ನಿನ್ನ ಶೈಲಿ ಗುರುತು ಹಿಡ್ದೆ, ಅಷ್ಟೆ" ಎಂದು ಅವರು ಕೈ ಒರೆಸಿಕೊಂಡು ಡ್ರಾಯರಿನಿಂದ ಫೈಲುಗಳ ಕಟ್ಟು ತೆಗೆದರು. "ಇದು ನೋಡು, 'ನನ್ನ ಬೆರಳುಗಳು ಮರೆತಿದ್ದವು.' ಹಾಕಿ ಹುಡುಗ. 'ನನ್ನ ಹೆಬ್ಬೆರಳು ಮರೆತಿತ್ತು.' ಇದು ಸಂಗೀತದ ಹುಡುಗಿ. 'ನನ್ನ ಕೈ ಮರೆತಿತ್ತು.' ಇವನು ಅರಣ್ಯ ವಿಭಾಗ. ಎಷ್ಟು ಮರೆಗುಳಿ ಕೈಗಳಪ್ಪಾ ಈ ಕಾಲೇಜಲ್ಲಿ!"

ಆರ್ವಿಡ್‌ನ ಕಿವಿ ಬಿಸಿಯಾಯಿತು. "ಗೊತ್ತಿದ್ದೂ ಯಾಕೆ ಸ್ವೀಕರಿಸಿದ್ರಿ?"

"ಯಾರು ಬರೆದಿದ್ದು ಅಂತ ಸಾಬೀತು ಮಾಡೋಕೆ ನಾನೇನು ಪೊಲೀಸಾ? ಸಹಿ ಇತ್ತು, ಒಪ್ಪಿಗೆ ಇತ್ತು. ಮೊದಲನೇ ಚೌಕಕ್ಕೆ ಗುರುತು ಬಿದ್ದ ಮೇಲೆ ನನ್ನ ಕೈ ಕಟ್ಟಿದ ಹಾಗೆ."

"ಟಿಲ್ಲಿ ಬರೆದದ್ದರಲ್ಲಿ ತಪ್ಪೇನೂ ಇರ್ಲಿಲ್ಲ ಮೇಡಂ! ಅದು ಅವಳ ಹಕ್ಕು! ಆರನೇ ಕಲಂ ಅನ್ನೋದೇ..."

"ಮುಠ್ಠಾಳ ಕಲಂ" ಎಂದು ಗ್ಲೆನ್ನಾ ವಾಕ್ಯ ಮುಗಿಸಿಕೊಟ್ಟರು. "ನಂಗೂ ಗೊತ್ತು. ವಿಶ್ವವಿದ್ಯಾಲಯದ ವಕೀಲರಿಗೂ ಗೊತ್ತು. ಇದು ಸರ್ಕಾರಿ ವಿಶ್ವವಿದ್ಯಾಲಯ, ಸಂವಿಧಾನ ಮೀರೋ ಹಾಗಿಲ್ಲ, ಹುಡುಗ್ರು ತಮ್ಮ ಖಾತೇಲಿ ಏನು ಬರ್ಕೊಂಡ್ರು ಅಂತ ದಂಡ ಹಾಕೋಕಾಗಲ್ಲ. ಫೈಲು ಒಂದ್ಸಲ ನಮ್ಮ ಟೇಬಲ್‌ಗೆ ಬರ್ಲಿ, ಅದೇ ದಿನ ಮುಚ್ಚಿ ಹಾಕ್ತೀವಿ, ಆಮೇಲೆ ಕಲಮನ್ನೇ ತೆಗೆಸ್ತೀವಿ ಅಂತ ಅವರೇ ಹೇಳಿದ್ದಾರೆ. ಆದ್ರೆ ಅಲ್ಲಿಗೆ ಹೋಗ್ಬೇಕಾದ್ರೆ ಒಬ್ಬ ವಿದ್ಯಾರ್ಥಿ 'ಒಪ್ಪಲ್ಲ' ಅನ್ಬೇಕು. ನಾನಾಗೇ ಕಳಿಸೋ ಹಾಗಿಲ್ಲ. ಒಬ್ಬರು, ಒಂದೇ ಒಂದು ಗುರುತು! ಮೂರು ವರ್ಷದಿಂದ ಕಾಯ್ತಾ ಇದ್ದೀನಿ. ಬಂದೋರೆಲ್ಲ ಕ್ಷಮೆ ಕೇಳ್ತಾರೆ, ಅದೂ ಎಂಥ ಸೊಗಸಾದ ಕ್ಷಮೆ ಅಂತೀಯ!"

ಅವರು ಉಳಿದ ಸ್ಯಾಂಡ್‌ವಿಚ್ ಕಚ್ಚಿ, ಅ‌ಗಿದು, ನಿಧಾನವಾಗಿ ಕೇಳಿದರು. "ಈ ಕಲಮನ್ನ ಇಷ್ಟು ವರ್ಷ ಕಾಪಾಡ್ಕೊಂಡು ಬಂದಿರೋದು ಯಾರು ಅಂತ ಈಗ ಗೊತ್ತಾಯ್ತೇನಪ್ಪಾ?"

ಗೊತ್ತಾಯಿತು. ಹದಿನೈದು ಸಲ ಯಾರೋ ಒಬ್ಬರು ಎರಡನೇ ಚೌಕದ ಮುಂದೆ ನಿಂತಿದ್ದರು. ಹದಿನೈದು ಸಲವೂ ಕೈ ಹಿಡಿದು ಮೊದಲನೆಯದಕ್ಕೆ ಕರೆತಂದವನು ಅವನೇ. ವಿಶ್ವವಿದ್ಯಾಲಯ ಸಂಬಳ ಕೊಟ್ಟು ಇಟ್ಟುಕೊಂಡಿದ್ದರೂ ಇಷ್ಟು ನಿಷ್ಠೆಯ ಕಾವಲುಗಾರ ಸಿಗುತ್ತಿರಲಿಲ್ಲ. ಆರ್ವಿಡ್ ನೆಲ ನೋಡುತ್ತಾ ಕೂತ. ಗ್ಲೆನ್ನಾರ ಒಂದು ಕಾಲುಚೀಲದಲ್ಲಿ ತೂತಿತ್ತು.

"ಅವಳನ್ನ ಉಳಿಸೋಕೆ ದಾರಿ ಇದೆಯಾ ಮೇಡಂ?"

"ಒಂದಿದೆ. ಒಪ್ಪಿಗೆಯ ಮಾತು ಅವಳದ್ದಲ್ಲ ಅಂತಾದ್ರೆ ಒಪ್ಪಿಗೆ ಬಿದ್ದುಹೋಗುತ್ತೆ. ಮತ್ತೆ ಹೊಸದಾಗಿ ಎರಡು ಚೌಕ ಅವಳ ಮುಂದೆ ಬರುತ್ತೆ. ಅದಕ್ಕೆ ಬರೆದೋನು ಸಹಿ ಹಾಕಿ ಹೇಳ್ಬೇಕು. ಇನ್ನೊಬ್ಬರ ಬರಹಕ್ಕೆ ಸಹಿ ಹಾಕಿದ್ದಕ್ಕೆ ಅವಳಿಗೊಂದು ಎಚ್ಚರಿಕೆ ಪತ್ರ. ಬರೆದುಕೊಟ್ಟೋನಿಗೆ ಅಷ್ಟರಲ್ಲಿ ಮುಗಿಯಲ್ಲ. ಸಂಘದ ಅಧ್ಯಕ್ಷಗಿರಿ ಹೋಗುತ್ತೆ. ಮೇ ತಿಂಗಳ ಡಿಗ್ರಿ ಡಿಸೆಂಬರಿಗೆ ಹೋಗುತ್ತೆ. ಅಪ್ಪ ಅಮ್ಮ ಘಟಿಕೋತ್ಸವಕ್ಕೆ ಬರೋಕೆ ಟಿಕೆಟ್ ಮಾಡಿಸಿದ್ರೆ ಬೇಡ ಅನ್ನು."

ಈಗ ಅವನು ಧೀರನಂತೆ ತಕ್ಷಣ ಪೆನ್ನು ಕೇಳಿದ ಎಂದು ಬರೆಯಬೇಕೆಂದು ನನಗೂ ಆಸೆ. ಅವನು ಕೇಳಿದ್ದು, "ಹೆಸರು ಹಾಕದೆ ಬರೆದ್ರೆ ನಡೆಯುತ್ತಾ ಮೇಡಂ?" ಎಂದು. ಗ್ಲೆನ್ನಾ ಟಿಲ್ಲಿಯ ಫೈಲನ್ನು ಅವನ ಮುಂದೆ ಸರಿಸಿದರು. ಆರ್ವಿಡ್ ಪಿಜ್ಜಾದ ಮೇಲೆ ಬಿದ್ದ ಆ ಕಾಗದವನ್ನು ನೆನೆದ, 'ನಾಲ್ಕು ವರ್ಷ ಕಣೋ' ಎಂದ ಟಿಲ್ಲಿಯನ್ನು ನೆನೆದ, ಆಮೇಲೆ ಪೆನ್ನು ಕೇಳಿದ.

ಮೊದಲ ಸಾಲು ಬಂತು: 'ಮಾತಿನ ಸ್ವಾತಂತ್ರ್ಯದ ಸುದೀರ್ಘ ಹಾದಿಯಲ್ಲಿ ಕೆಲವೊಮ್ಮೆ ದಾರಿದೀಪ ಹಿಡಿದವನೇ...' ಗ್ಲೆನ್ನಾ ಕೆಂಪು ಪೆನ್ನಿನಿಂದ ಅದನ್ನು ಹೊಡೆದು ಹಾಕಿದರು. ಇನ್ನೊಂದು ಹಾಳೆ: 'ಗೆಳೆತನದ ಕುರುಡು ಪ್ರೀತಿಯಿಂದ ನಾನು...' ಅದನ್ನೂ ಹೊಡೆದರು. "ಏನು ಮಾಡ್ದೆ ಅಂತ ಬರಿಯಪ್ಪಾ. ಹೇಗನ್ನಿಸ್ತು ಅಂತ ನಾನು ಕೇಳಿಲ್ಲ." ಐದನೇ ಹಾಳೆಯಲ್ಲಿ ಉಳಿದದ್ದು ಇಷ್ಟು: 'ಟಿಲ್ಲಿ ಸಾಲ್ಮೆಲಾ ಕೊಟ್ಟ ಪ್ರಬಂಧ ಬರೆದವನು ನಾನು. ಅವಳು ಬೇಡ ಅಂದಿದ್ದಳು.' ಕೆಳಗೆ ಸಹಿ.

"ಉಳಿದ ಹದಿನಾಲ್ಕು?" ಎಂದು ಅವನೇ ಕೇಳಿದ.

"ಯಾವ ಹದಿನಾಲ್ಕು?" ಎಂದು ಅವರು ಫೈಲುಗಳನ್ನು ಡ್ರಾಯರಿಗೆ ತಳ್ಳಿದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ನನಗೂ ಆ ವರ್ಷ ಡಿಗ್ರಿ ಸಿಕ್ಕಿತು.

ಮರುದಿನ ಬೆಳಗ್ಗೆ ಹೊಸ ಪತ್ರ ಟಿಲ್ಲಿಯ ಕೈ ಸೇರಿತು. ಅವಳು ಅಲ್ಲೇ ಗೋಡೆಗೆ ಒತ್ತಿ ಹಿಡಿದು ಎರಡನೇ ಚೌಕಕ್ಕೆ ಗುರುತು ಹಾಕಿದಳಂತೆ, ಕಾಗದ ಹರಿಯುವ ಹಾಗೆ. ಸೋಮವಾರ ಫೈಲು ವಕೀಲರ ಮೇಜಿಗೆ ಹೋಯಿತು, ಮಂಗಳವಾರ ಮುಚ್ಚಿತು. ಶುಕ್ರವಾರ ನರ್ಸಿಂಗ್ ಸಮಿತಿಗೆ ತೀರ್ಮಾನಿಸಲು ಏನೂ ಉಳಿದಿರಲಿಲ್ಲ. ಎಚ್ಚರಿಕೆ ಪತ್ರ ಕೊಟ್ಟು, ತಪ್ಪಿಹೋದ ದಿನಗಳ ತರಬೇತಿಯನ್ನು ಬೇಸಿಗೆಯಲ್ಲಿ ಮುಗಿಸಿಕೊಡಬೇಕು ಎಂದರು. ಟಿಲ್ಲಿ ಉಳಿದಳು. ಆರನೇ ಕಲಂ ಏಪ್ರಿಲ್‌ನಲ್ಲಿ ಹೋಯಿತು. ಮುಕ್ತ ಮಾತಿನ ಸಂಘ ಅದಕ್ಕೂ ಮುಂಚೆಯೇ ಹೋಗಿತ್ತು, ಪಿಜ್ಜಾ ತರಿಸುವವರಿಲ್ಲದೆ.

ಆ ಶುಕ್ರವಾರ ಮಧ್ಯಾಹ್ನ ಆರ್ವಿಡ್ ನರ್ಸಿಂಗ್ ಕಟ್ಟಡದ ಹೊರಗೆ, ಪಾರ್ಕಿಂಗ್ ಜಾಗದಲ್ಲಿ ಕಾಯುತ್ತಾ ನಿಂತಿದ್ದ. ಹಿಂದಿನ ದಿನ ಬಿದ್ದ ಹಿಮ ಅರ್ಧ ಕರಗಿ ಬೂದಿ ಬಣ್ಣದ ರಾಡಿಯಾಗಿತ್ತು. ಟಿಲ್ಲಿ ಹೊರಗೆ ಬಂದಳು. ಅವನನ್ನು ನೋಡಿದಳು, ನಿಲ್ಲದೆ ತನ್ನ ಹಳೇ ಕಾರಿನ ಕಡೆ ನಡೆದಳು. ಕಾರಿನ ಮುಂದಿನ ಎರಡೂ ಚಕ್ರ ರಾಡಿಯಲ್ಲಿ ಹೂತಿದ್ದವು.

"ಟಿಲ್ಲಿ, ನಾನು..."

"ಬೇಡ."

"ಒಂದೇ ಒಂದು ಮಾತು."

"ನಿನ್ನ ಒಂದು ಮಾತು ಐದು ಪುಟ ಇರುತ್ತೆ. ಬೇಡ ಆರ್ವಿಡ್."

ಅವಳು ಬಾಗಿಲು ತೆರೆದಳು, ಚೀಲ ಒಳಗೆಸೆದಳು, ಆದರೆ ಕೂರಲಿಲ್ಲ. ಬಾಗಿಲು ಹಿಡಿದು ನಿಂತಳು.

"ನೀನು ಸಹಿ ಹಾಕಿ ಕೊಟ್ಟೆ ಅಂತ ಗೊತ್ತು. ಡಿಗ್ರಿ ಮುಂದಕ್ಕೆ ಹೋಯ್ತು ಅಂತಾನೂ ಗೊತ್ತು. ಅದು ಸರಿ. ಆದ್ರೆ ನಿಂಗೆ ಗೊತ್ತಿಲ್ಲದೆ ಇರೋದು ಒಂದಿದೆ. ನಾನು ಅದನ್ನ ನಂಬಿಬಿಟ್ಟಿದ್ದೆ ಕಣೋ."

"ಯಾವುದನ್ನ?"

"ನೀನು ಬರೆದದ್ದನ್ನ. ಓದಿ ಓದಿ, ಆ ಹುಡುಗಿ ನಾನೇ ಅಂದ್ಕೊಂಡೆ. ಮುಂದಿನ ವಾರ ಅದೇ ಅಜ್ಜಿ ಕಾಲು ಒರೆಸ್ತಾ ಇದ್ದೆ. 'ನಿನ್ನ ಕೈ ಎಷ್ಟು ಬೆಚ್ಚಗಿದೆ ಮಗಳೇ' ಅಂದ್ರು. ನಾನು ಕೈ ಎಳ್ಕೊಂಡುಬಿಟ್ಟೆ. ಇವರನ್ನ ಮುಟ್ಟೋ ಯೋಗ್ಯತೆ ನಂಗಿಲ್ಲ ಅನ್ನಿಸ್ತು. ಅವರಿಗೆ ಇನ್ನೊಂದು ಕಂಬಳಿ ಕೊಡಿ ಅಂತ ಕೇಳ್ದೋಳು ಇಡೀ ಆ ಕಟ್ಟಡದಲ್ಲಿ ನಾನೊಬ್ಳೇ! ಅದೇ ನೆನಪಾಗ್ಲಿಲ್ಲ ನೋಡು. ನಿನ್ನ ಪ್ರಬಂಧ ಮಾತ್ರ ನೆನಪಿತ್ತು." ಅವಳು ಕೈಗವಸಿನಿಂದ ಮೂಗು ಒರೆಸಿಕೊಂಡಳು. "ಅವರನ್ನ ಮಗ ದೂರದ ಡುಲೂತ್ ಊರಿಗೆ ಕರ್ಕೊಂಡು ಹೋದ್ನಂತೆ. ಯಾಕೆ ಕೈ ಎಳ್ಕೊಂಡೆ ಅಂತ ಇನ್ನು ಅವರಿಗೆ ಹೇಳೋಕೂ ಆಗಲ್ಲ."

ತನ್ನ ಡಿಗ್ರಿಯೇ ಪೂರ್ತಿ ಹೋಗಿದ್ದರೂ ಆರ್ವಿಡ್‌ಗೆ ಇಷ್ಟು ನೋವಾಗುತ್ತಿರಲಿಲ್ಲ. ಹೇಳಬೇಕು ಎಂದು ಬಾಯಿ ತೆರೆದ. 'ನನ್ನ ಜಾಣತನದ ಭರದಲ್ಲಿ ನಿನ್ನ ನೋವು ನನಗೆ ಕಾಣಲಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ಅರಣ್ಯ ವಿಭಾಗದವನಿಗೆ ಬರೆದುಕೊಟ್ಟದ್ದು. ಅದನ್ನು ನುಂಗಿ ಇನ್ನೊಂದಕ್ಕೆ ತಡಕಾಡಿದ. ಸಿಕ್ಕಿದ್ದು ಸಂಗೀತದ ಹುಡುಗಿಯದ್ದು. ಮೂರನೆಯದು ಬಹುಶಃ ನನ್ನದು. ಮನಸ್ಸಿನಲ್ಲಿ ಇಷ್ಟು ನಿಜವಾದ ಸಂಕಟ ಇಟ್ಟುಕೊಂಡು, ಅದನ್ನು ಹೇಳಲು ತನ್ನದು ಎನ್ನುವ ಒಂದು ಮಾತೂ ಇಲ್ಲದೆ ಅವನು ಆ ರಾಡಿಯಲ್ಲಿ ಬೆಪ್ಪನಂತೆ ನಿಂತ.

ಟಿಲ್ಲಿ ಕಾರಿನಲ್ಲಿ ಕೂತು ಇಂಜಿನ್ ಹಚ್ಚಿದಳು. ಚಕ್ರಗಳು ಇದ್ದಲ್ಲೇ ತಿರುಗಿದವು.

"ಬಾಯಿ ಮುಚ್ಕೊಂಡು ಮುಂದಿನಿಂದ ತಳ್ಳು" ಎಂದಳು ಕಿಟಕಿಯಿಂದ. "ಹಿಂದಕ್ಕೆ ತೆಗೀಬೇಕು."

ಮುಕ್ತ ಮಾತಿನ ಸಂಘದ ಮಾಜಿ ಅಧ್ಯಕ್ಷ ಬಾಯಿ ಮುಚ್ಚಿಕೊಂಡ. ಕಾರಿನ ಮುಂದೆ ಹೋಗಿ, ಎರಡೂ ಕೈ ಊರಿ, ಕಾಲು ಜಾರುತ್ತಿದ್ದರೂ ಬಿಡದೆ, ಇದ್ದ ಬದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದ. ಚಕ್ರಗಳು ಚಿಮ್ಮಿಸಿದ ರಾಡಿ ಅವನ ಕೋಟಿಗೂ ಮುಖಕ್ಕೂ ಬಡಿಯಿತು. ಮೂರನೇ ಸಲಕ್ಕೆ ಕಾರು ಎದ್ದು ಹಿಂದಕ್ಕೆ ಸರಿಯಿತು. ಟಿಲ್ಲಿ ಅದನ್ನು ತಿರುಗಿಸಿಕೊಂಡು ವೃದ್ಧಾಶ್ರಮದ ರಸ್ತೆ ಹಿಡಿದಳು. ನಿಲ್ಲಿಸಲೂ ಇಲ್ಲ, ಕೈ ಬೀಸಲೂ ಇಲ್ಲ. ಆರ್ವಿಡ್ ತುಟಿಯ ಮೇಲಿನ ರಾಡಿ ಒರೆಸಿಕೊಂಡು, ಕಾರು ಕಣ್ಣಿಗೆ ಮರೆಯಾಗುವವರೆಗೂ ಏನೂ ಹೇಳದೆ ಅಲ್ಲೇ ನಿಂತಿದ್ದ.